ಅತ್ತೆ ಕಾಯ್ದ ಸಂಖ್ಯೆ

"ಒಳಗೆ ಜಾಗ ಇಲ್ವಾ, ಇಲ್ಲ ಒಳಗಿರೋಕೆ ಮನಸ್ಸಿಲ್ವಾ? ಏನಂತ ತಿಳ್ಕೊಳ್ಲಿ ನಿನ್ನ?"

ಸೊಸೆ ಇದನ್ನು ಯಾರನ್ನೂ ಕೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಪರದೆಯಲ್ಲಿದ್ದ ಒಂದು ಇಳಿಜಾರು ಗೆರೆಯನ್ನು ದಿಟ್ಟಿಸುತ್ತ, ಆರಿಹೋದ ಚಹಾದ ಲೋಟ ಹಿಡಿದು ಗಾಳಿಗೆ ಕೇಳಿದ್ದಳು. ಆದರೆ ಆ ಮನೆಯಲ್ಲಿ ವಾರಸುದಾರರಿಲ್ಲದ ಪ್ರಶ್ನೆಗಳೆಲ್ಲ ಅತ್ತೆಯ ಪಾಲಿಗೆ ಹೋಗುತ್ತಿದ್ದವು.

"ಮನಸ್ಸಿರುತ್ತೆ," ಎಂದರು ಅತ್ತೆ, ಅಡುಗೆಮನೆಯಿಂದಲೇ. "ಒಳಗಿರೋರು ಸರಿಯಾಗಿ ಮಾತಾಡಿಸಿರಲ್ಲ."

"ನಾನು ಪ್ರೋಟಾನ್ ಬಗ್ಗೆ ಹೇಳ್ತಿದ್ದೆ ಅತ್ತೆ."

"ನಾನೂ ಅದರ ಬಗ್ಗೇನೇ ಹೇಳಿದ್ದು."

ಸೊಸೆ ಕೆಲಸ ಮಾಡುತ್ತಿದ್ದುದು ನ್ಯೂಕ್ಲಿಯಸ್ಸುಗಳನ್ನು ಅಳೆಯುವ ಪ್ರಯೋಗಾಲಯವೊಂದರಲ್ಲಿ. ಅವಳು ಬೆನ್ನು ಹತ್ತಿದ್ದ ನ್ಯೂಕ್ಲಿಯಸ್ ಕಾರ್ಬನ್ನಿನ ವಂಶದ್ದೇ, ಆದರೆ ವಂಶದ ಮರ್ಯಾದೆ ಉಳಿಸುವಂಥದ್ದಲ್ಲ. ಆರು ಪ್ರೋಟಾನ್‌ಗಳಿಗೆ ಮೂರೇ ನ್ಯೂಟ್ರಾನ್. ಪ್ರೋಟಾನ್‌ಗಳಿಗೆ ಒಂದನ್ನೊಂದು ಕಂಡರಾಗದು. ನಡುವೆ ನಿಂತು ಸಮಾಧಾನ ಹೇಳಲು ಸಾಕಷ್ಟು ನ್ಯೂಟ್ರಾನ್ ಇಲ್ಲದಿದ್ದರೆ ಆ ಮನೆ ನಿಲ್ಲುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಸಂಸಾರ ಮುಗಿದು ಬೇರೆಯೇ ಏನೋ ಆಗಿಬಿಟ್ಟಿರುತ್ತದೆ. ಆ ಅಲ್ಪಾಯುಷ್ಯದಲ್ಲಿ ಕೊನೆಯ ಪ್ರೋಟಾನ್ ವಾಸ ಮಾಡುವುದೆಲ್ಲಿ? ಉಳಿದವರೊಡನೆ ಒತ್ತಿಕೊಂಡು ಒಳಗೋ, ಇಲ್ಲ ದೂರದಲ್ಲಿ ಸುಳಿದಾಡುತ್ತ ಹೊರಗೋ? ಇಷ್ಟೇ ಅವಳ ಪ್ರಶ್ನೆ. ಇಷ್ಟಕ್ಕೇ ಅವಳ ನಾಲ್ಕು ವರ್ಷ ಹೋಗಿತ್ತು.

ಅಷ್ಟು ಬೇಗ ಸಾಯುವುದನ್ನು ಮೇಜಿನ ಮೇಲಿಟ್ಟು ಅಳೆಯಲಾಗದು. ಹಾರುತ್ತಿರುವಾಗಲೇ ಅಡ್ಡ ಹಾಕಬೇಕು. ಆದ್ದರಿಂದ ಅವನ್ನು ಧಾರೆಯಾಗಿ ಹಾರಿಸಿ, ದಾರಿಯಲ್ಲಿ ಈರುಳ್ಳಿಯ ಒಳಸಿಪ್ಪೆಯಂಥ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ನಿಲ್ಲಿಸುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಹೈಡ್ರೋಜನ್ ಇದೆ. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಅಂದರೆ ಒಂಟಿ ಪ್ರೋಟಾನ್. ಹಾರಿ ಬಂದದ್ದು ಅದಕ್ಕೆ ತಾಗಿದರೆ ಅದು ಪಕ್ಕಕ್ಕೆ ಸಿಡಿದು, ಸುತ್ತ ಕಾದು ಕುಳಿತ ಸಿಲಿಕಾನ್ ಬಿಲ್ಲೆಗಳಿಗೆ ಬಡಿಯುತ್ತದೆ. ಯಾವ ಕೋನಕ್ಕೆ ಎಷ್ಟು ಸಿಡಿದವು, ಹಾರಿ ಬಂದವು ಒಟ್ಟು ಎಷ್ಟು, ಈ ಎರಡು ಲೆಕ್ಕ ಕೈಗೆ ಸಿಕ್ಕರೆ ಕತ್ತಲಲ್ಲಿ ಚೆಂಡೆಸೆದು ಎದುರಿಗಿರುವವನ ಗಾತ್ರ ಹೇಳಿದ ಹಾಗೆ ನ್ಯೂಕ್ಲಿಯಸ್ಸಿನ ಆಕಾರ ಹೇಳಬಹುದು.

ಸಿಡಿದವುಗಳ ಲೆಕ್ಕ ಸೊಸೆಯ ಲ್ಯಾಪ್‌ಟಾಪಿನಲ್ಲಿತ್ತು. ಬಂದವುಗಳ ಲೆಕ್ಕ ತೆಗೆಯುವ ಕೀಲಿ ಅತ್ತೆಯ ತಲೆಯೊಳಗಿತ್ತು.

ಇದಕ್ಕೆಲ್ಲ ಮೂಲ ಮೇಷ್ಟ್ರು. ಸೊಸೆಯ ತಂಡದ ಮುಖ್ಯಸ್ಥರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಹಿಂದೊಮ್ಮೆ ಅವರು ಇನ್ನೊಂದು ನ್ಯೂಕ್ಲಿಯಸ್ಸನ್ನು ಅಳೆದು, ಅದರ ಹೊಟ್ಟೆ ಎಲ್ಲರೂ ತಿಳಿದದ್ದಕ್ಕಿಂತ ಬಹಳ ದೊಡ್ಡದು ಎಂದು ಲೋಕಕ್ಕೆಲ್ಲ ಸಾರಿದ್ದರು. ಮರುವರ್ಷ ಬೇರೆಯವರು ಅಳೆದು ನೋಡಿದರೆ ಹೊಟ್ಟೆ ನಾಪತ್ತೆ. ಆಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಉತ್ತರ ಬೇಕಾದ ಹಾಗೆ ಬರದಿದ್ದರೆ ಮನುಷ್ಯ ತಪ್ಪು ಹುಡುಕುತ್ತಾನೆ. ಬೇಕಾದ ಹಾಗೆ ಬಂದರೆ ಹುಡುಕುವುದನ್ನು ಬಿಟ್ಟು ಸಿಹಿ ತರಿಸುತ್ತಾನೆ. ಹಾಗಾಗಿ ಹೊಸ ಕಟ್ಟಳೆ ಬಂತು: ಹಾರಿ ಬಂದವುಗಳ ಲೆಕ್ಕವನ್ನು ಕಂಪ್ಯೂಟರು ತಾನೇ ಒಂದು ಗುಪ್ತ ಸಂಖ್ಯೆಯ ಬೀಗದೊಳಗೆ ಮುಚ್ಚಿಡಬೇಕು. ತಂಡದ ಪ್ರತಿಯೊಬ್ಬರೂ "ಹುಡುಕೋದೆಲ್ಲ ಹುಡುಕಿದ್ದಾಯ್ತು, ಇನ್ನು ಕೈ ಹಾಕಲ್ಲ" ಎಂದು ಒಪ್ಪಿದ ಮೇಲೆಯೇ ಅದನ್ನು ತೆರೆಯಬೇಕು.

ಬೀಗವೇನೋ ಗಟ್ಟಿ. ಕೀಲಿ ಕಾಯುವವರದೇ ತಕರಾರು. ಮೊದಲ ಸಲ ಸಂಖ್ಯೆಯನ್ನು ಲಕೋಟೆಗೆ ಹಾಕಿ ಕಪಾಟಿನಲ್ಲಿಟ್ಟರು. ಲಕೋಟೆಯ ಅಂಟು ಕೆಟಲಿನ ಹಬೆಗೆ ಬಿಟ್ಟುಕೊಳ್ಳುತ್ತದೆ ಎಂದು ಯಾರೋ ಕಂಡುಹಿಡಿದರು. ಆ ವರ್ಷ ತಂಡದಿಂದ ಆದ ಆವಿಷ್ಕಾರ ಅದೊಂದೇ. ಎರಡನೇ ಸಲ ಕಚೇರಿಯ ಗುಮಾಸ್ತರ ಕಿವಿಗೆ ಹೇಳಿದರು. ಅವರು ಮರೆಯಬಾರದೆಂದು ಅದನ್ನೇ ಮನೆಯ ವೈಫೈ ಪಾಸ್‌ವರ್ಡ್ ಮಾಡಿಕೊಂಡು, ಮಗಳ ಹುಟ್ಟುಹಬ್ಬಕ್ಕೆ ಬಂದ ತಂಡದವರಿಗೆಲ್ಲ ತಾವೇ ಪ್ರೀತಿಯಿಂದ ಹೇಳಿಕೊಟ್ಟರು.

"ಫಿಸಿಕ್ಸ್ ಅಂದ್ರೆ ಆಸಕ್ತಿ ಇರಬಾರ್ದು. ಬಾಯಿ ಗಟ್ಟಿ ಇರ್ಬೇಕು. ಅಂಥೋರನ್ನ ಎಲ್ಲಿಂದ ತರ್ಲಮ್ಮ?" ಎಂದು ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತಾಗ, ಸೊಸೆ ಹಿಂದೆಮುಂದೆ ನೋಡದೆ ಹೇಳಿಬಿಟ್ಟಿದ್ದಳು: "ನಮ್ಮತ್ತೆ ಇದ್ದಾರೆ."

ಅತ್ತೆ ಪರೀಕ್ಷಾ ಕಚೇರಿಯಲ್ಲಿ ಪ್ರಶ್ನೆಪತ್ರಿಕೆ ಕಾಯುವ ಕೆಲಸ ಮಾಡಿ ನಿವೃತ್ತರಾದವರು. ಸ್ವಂತ ಮಗ ಗಣಿತದಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕೂರುವಾಗ, "ಯಾವ ಪಾಠ ಸ್ವಲ್ಪ ಜಾಸ್ತಿ ಓದ್ಕೊಳ್ಲಿ ಅಮ್ಮಾ?" ಎಂದು ಕಣ್ಣೀರು ಸುರಿಸುತ್ತ ಕೇಳಿದಾಗ, "ಎಲ್ಲಾ" ಎಂದವರು. ಆ ಮಗ ಗಣಿತದ ಸಹವಾಸವೇ ಬೇಡವೆಂದು ಹಲ್ಲಿನ ಡಾಕ್ಟರಾದ. ಬಾಯಿ ಬಿಟ್ಟುಕೊಂಡು ಮಲಗಿದವರ ಜೊತೆ ಮಾತಾಡಿ ಅಭ್ಯಾಸವಾದ್ದರಿಂದ ಮನೆಯಲ್ಲೂ ಅವನು ಉತ್ತರಕ್ಕೆ ಕಾಯುತ್ತಿರಲಿಲ್ಲ.

ಅತ್ತೆ ಒಂದು ದಿನ ಕೈಚೀಲ ಹಿಡಿದು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಪ್ರಯೋಗಾಲಯಕ್ಕೆ ಹೋದರು. ತಂಡದವರೆಲ್ಲ ಶಿಕ್ಷೆಗೊಳಗಾದ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ನಿಂತರು. ಅತ್ತೆ ತಮಗೆ ತೋಚಿದ ಉದ್ದನೆಯ ಸಂಖ್ಯೆಯನ್ನು ಒಂದೇ ಬೆರಳಿನಲ್ಲಿ ಒತ್ತಿ, "ಆಯ್ತು, ತಿರುಗಿ" ಎಂದರು. ಎಲ್ಲೂ ಬರೆದಿಡಲಿಲ್ಲ. ಚಿಕ್ಕಂದಿನಲ್ಲಿ ಹಿರಿಯರು ಹೇಳಿದ ಪದ್ಯಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದವರು ಅವರು. ಅಂಕಿಗಳನ್ನೂ ಹಾಗೆಯೇ ಒಂದು ಹಾಡಿನ ಮಟ್ಟಿಗೆ ಹೊಂದಿಸಿಕೊಂಡು, ಪಾತ್ರೆ ತೊಳೆಯುವಾಗ ಬಾಯಿ ಮುಚ್ಚಿ ಗುನುಗಿಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರು ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತು, "ಇದರಲ್ಲಿ ಒಂಬತ್ತು ಬರುತ್ತೆ ಅನ್ಸುತ್ತೆ" ಎಂದು ಹೆಂಡತಿಗೆ ಪಿಸುಗುಟ್ಟಿದ. ಮರುದಿನದಿಂದ ಅತ್ತೆ ಗುನುಗುವಾಗ ನಲ್ಲಿ ಜೋರಾಗಿ ಬಿಡತೊಡಗಿದರು. ಪ್ರಾರ್ಥನೆಯ ನಡುವೆ ಸಂಖ್ಯೆ ನೆನಪಾದರೆ ಪ್ರಾರ್ಥನೆಯನ್ನೇ ಅಲ್ಲಿಗೆ ನಿಲ್ಲಿಸುತ್ತಿದ್ದರು. ದೇವರಿಗೂ ಅವರು ಹೇಳಿರಲಿಲ್ಲ.

ಆಮೇಲೆ ಶುರುವಾದದ್ದು ಅತ್ತೆಯ ಆರೋಗ್ಯದ ಚಿಂತೆ. ಜಗತ್ತಿನಲ್ಲಿ ಅವರ ಬಿ.ಪಿ. ಬಗ್ಗೆ ಇದುವರೆಗೆ ಯೋಚಿಸದಿದ್ದವರೆಲ್ಲ ಈಗ ಯೋಚಿಸತೊಡಗಿದರು. ಮೇಷ್ಟ್ರು ವಾರಕ್ಕೊಮ್ಮೆ ಹಣ್ಣು ಹಿಡಿದು ಬರುತ್ತಿದ್ದರು.

"ಬಚ್ಚಲ ನೆಲ ಜಾರುತ್ತೇನಮ್ಮಾ?"

"ಇಲ್ಲ."

"ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೊಳ್ತೀರಿ ತಾನೇ?"

"ನಿಮ್ಮ ಸಂಖ್ಯೆ ಬಿದ್ದು ಒಡೆಯಲ್ಲ, ಹೆದರ್ಬೇಡಿ. ಹಣ್ಣು ಹುಳಿ ಇದೆ, ಮುಂದಿನ ಸಲ ನೋಡಿ ತನ್ನಿ."

ಒಂದು ದಿನ ಅತ್ತೆ ಸುಮ್ಮನೆ ಹಣೆ ಒತ್ತಿಕೊಂಡು, "ಯಾಕೋ ತಲೆ ಭಾರ" ಎಂದದ್ದೇ ತಡ, ಮೇಷ್ಟ್ರು ಹತ್ತು ನಿಮಿಷದಲ್ಲಿ ವೈದ್ಯರನ್ನು ಕರೆತಂದರು. ವೈದ್ಯರು ನಾಡಿ ನೋಡಿ, ನೆಗಡಿ ಎಂದರು. "ನೆಗಡಿಗೆ ನೆನಪು ಹೋಗುತ್ತಾ?" ಎಂದು ಮೇಷ್ಟ್ರು ಕೇಳಿದ ಪ್ರಶ್ನೆಗೆ ಆ ವೈದ್ಯರು ಇವರ ನಾಡಿಯನ್ನೂ ಒಮ್ಮೆ ಹಿಡಿದು ನೋಡಿ ಹೋದರು.

ಇದೆಲ್ಲ ನಗುವ ಮಾತಾಗಿಯೇ ಇತ್ತು, ಆ ಭಾನುವಾರದವರೆಗೆ. ಮರುದಿನ ಬೆಳಿಗ್ಗೆ ಸೊಸೆಗೆ ಸಂದರ್ಶನವಿತ್ತು. ಪ್ರಯೋಗಾಲಯದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಇನ್ನು ಹತ್ತು ವರ್ಷ ಅಂಥದ್ದು ಬರುವ ಹಾಗಿರಲಿಲ್ಲ. ಅವಳ ಈಗಿನ ಕೆಲಸ ವರ್ಷದ ಕೊನೆಗೆ ಮುಗಿಯುತ್ತಿತ್ತು. ಎದುರು ನಿಂತಿದ್ದ ಇನ್ನೊಬ್ಬ ಅಭ್ಯರ್ಥಿಯ ಬಳಿ ಮುಗಿದ ಅಳತೆ, ಅಚ್ಚಾದ ಲೇಖನ, ಬಣ್ಣದ ಚಿತ್ರ ಎಲ್ಲ ಇದ್ದವು. ಇವಳ ಬಳಿ ಇದ್ದದ್ದು ಅರ್ಧ ಉತ್ತರ. ಕೊನೆಯ ಪ್ರೋಟಾನ್ ಒಳಗಿದೆಯೋ ಹೊರಗಿದೆಯೋ ಎಂದು ನಾಳೆ ಒಂದು ಮಾತು ಹೇಳಿದರೆ ಹುದ್ದೆ ಅವಳದು. ಮೇಷ್ಟ್ರು ಒಪ್ಪಿದ್ದರು. ಅವಳು ಯಾವಾಗಲೋ ಒಪ್ಪಿಯಾಗಿತ್ತು. ಒಪ್ಪದೆ ಕುಳಿತಿದ್ದವರು ಒಬ್ಬರೇ, ಅನುಮಾನ.

ಅನುಮಾನ ಎನ್ನುವುದು ತಂಡದ ಹಿರಿಯ ಸಂಶೋಧಕರಿಗೆ ಬಿದ್ದಿದ್ದ ಅಡ್ಡಹೆಸರು. ಸ್ವಂತ ಮನೆಗೆ ಹೋಗುವಾಗಲೂ ಬಾಗಿಲ ಮೇಲಿನ ಮನೆ ಸಂಖ್ಯೆ ಓದಿಯೇ ಒಳಗೆ ಕಾಲಿಡುವ ಆಸಾಮಿ. ಬಿಲ್ಲೆಗಳು ಬಿಸಿಯಾಗಿದ್ದವೇನೋ ಎಂದು ಒಂದು ವಾರ, ಗಡಿಯಾರ ಹಿಂದೆ ಬಿದ್ದಿತ್ತೇನೋ ಎಂದು ಇನ್ನೊಂದು ವಾರ, ಹೀಗೆ ಅವರು ಸೊಸೆಯ ಜೀವ ಹಿಂಡಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಸೊಸೆ ಅತ್ತೆಯ ಪಕ್ಕ ಹೋಗಿ ಕೂತಳು. ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಸೊಸೆಯೂ ಒಂದು ದಿಂಬಿನ ಚೀಲ ತೆಗೆದುಕೊಂಡು, ಅಗತ್ಯಕ್ಕಿಂತ ಹೆಚ್ಚು ನೀಟಾಗಿ ಮಡಿಸಿದಳು.

"ಏನು ಬೇಕು ಹೇಳು," ಎಂದರು ಅತ್ತೆ.

"ಏನಿಲ್ಲ."

"ನೀನು ದಿಂಬಿನ ಚೀಲ ಮಡಿಸಿದ್ದು ಮದುವೆ ಆದ ವಾರ ಬಿಟ್ರೆ ಇವತ್ತೇ."

ಸೊಸೆ ಚೀಲ ಕೆಳಗಿಟ್ಟಳು. "ಅತ್ತೆ, ಎಲ್ಲಾ ಮುಗಿದಿದೆ. ಅನುಮಾನ ಅವರಿಗೆ ಮಾತ್ರ ಮುಗ್ದಿಲ್ಲ, ಅವರಿಗೆ ಮುಗಿಯೋದೂ ಇಲ್ಲ. ಸಂಖ್ಯೆ ನನಗೆ ಒಬ್ಬಳಿಗೇ ಹೇಳಿ. ನಾನು ಯಾರಿಗೂ ಹೇಳಲ್ಲ. ನಾಳೆ ಬಾಯಲ್ಲಿ ಉತ್ತರ ಇಟ್ಕೊಂಡು ಹೋಗ್ತೀನಿ, ಅಷ್ಟೇ."

"ಬಾಯಲ್ಲಿ ಇಟ್ಕೊಂಡು ಹೋಗಿ, ಬಾಯಿ ಮುಚ್ಕೊಂಡು ವಾಪಸ್ ಬರ್ತೀಯಾ?"

"ಇಲ್ಲ, ಅಲ್ಲಿ ಹೇಳ್ತೀನಿ."

"ಹಾಗಾದ್ರೆ ಯಾರಿಗೂ ಹೇಳಲ್ಲ ಅಂದ್ಯಲ್ಲ, ಅದು ಯಾರಿಗೆ ಹೇಳಿದ್ದು?"

"ಅತ್ತೆ, ನನ್ನ ಕೆಲಸ ಹೋಗುತ್ತೆ."

ಅತ್ತೆ ಟವೆಲ್ಲಿನ ಅಂಚಿಗೆ ಅಂಚು ಜೋಡಿಸಿದರು. "ನಿನ್ನ ಗಂಡ ಗಣಿತದಲ್ಲಿ ಫೇಲಾದಾಗ ನಾನೂ ಅತ್ತಿದ್ದೆ. ಅವನಿಗೆ ಗೊತ್ತಿಲ್ಲ. ಹೋಗು, ಚಹಾ ಮಾಡ್ಕೊಂಡು ಕುಡಿ."

ಸೊಸೆ ಚಹಾ ಮಾಡಿಕೊಳ್ಳಲಿಲ್ಲ. ಕೋಣೆಗೆ ಹೋಗಿ ಬಾಗಿಲನ್ನು, ಬಡಿದಂತೆ ಕೇಳಿಸಬೇಕು ಆದರೆ ಬಡಿದೆ ಎಂದು ಯಾರೂ ಹೇಳಬಾರದು ಅನ್ನುವಷ್ಟು ಹದವಾಗಿ, ಹಾಕಿಕೊಂಡಳು. ಕೂತ ಕೂಡಲೇ ಫೋನು ಬಂತು. ಅನುಮಾನ.

"ಭಾನುವಾರ ತೊಂದ್ರೆ ಕೊಡ್ತಿದ್ದೀನಾ?"

"ಹೌದು ಸಾರ್."

"ಹಾಗಾದ್ರೆ ಬೇಗ ಹೇಳ್ತೀನಿ. ನಡುವೆ ಪ್ಲಾಸ್ಟಿಕ್ ಹಾಳೆ ಹರಿದು ಬೇರೆ ಹಾಕಿದ್ವಲ್ಲಮ್ಮ, ಅದಕ್ಕೆ ಮುಂಚಿನದು ಬೇರೆ, ಆಮೇಲಿನದು ಬೇರೆ ಇಟ್ಟು ನೋಡಿದ್ಯಾ?"

"ಎರಡು ಹಾಳೇನೂ ಒಂದೇ ಸುರುಳಿಯಿಂದ ಕತ್ತರಿಸಿದ್ದು ಸಾರ್. ದಪ್ಪ ಒಂದೇ. ನಾನೇ ಕತ್ತರಿಸಿದ್ದು, ನಾನೇ ಹಾಕಿದ್ದು."

"ನೋಡಿದ್ಯಾ ಅಂತ ಕೇಳ್ದೆ."

"ನೋಡಿಲ್ಲ."

"ಅದೊಂದು ನೋಡ್ಬಿಡು. ಆಮೇಲೆ ನಾನು ಒಪ್ಕೊಳ್ತೀನಿ. ದೇವರಾಣೆ."

ಅವರು ಒಪ್ಪಿಕೊಳ್ಳುತ್ತೇನೆ ಎಂದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಸೊಸೆ ನೆಟ್ಟಗೆ ಕೂತು ಲ್ಯಾಪ್‌ಟಾಪ್ ತೆರೆದಳು. ಹತ್ತು ನಿಮಿಷದ ಕೆಲಸ. ಈ ಮನುಷ್ಯನ ಬಾಯಿ ಮುಚ್ಚಿಸಿದರೆ ಸಂಜೆಯೊಳಗೆ ಅತ್ತೆಯನ್ನು ಕರೆದುಕೊಂಡು ಹೋಗಿ ಬೀಗ ತೆಗೆಸಬಹುದು. ಹಾಳೆ ಬದಲಾಯಿಸುವ ಮುಂಚಿನ ಪ್ರೋಟಾನ್‌ಗಳಿಗೆ ನೀಲಿ, ಆಮೇಲಿನವಕ್ಕೆ ಕೆಂಪು ಬಣ್ಣ ಕೊಟ್ಟು ಗುಂಡಿ ಒತ್ತಿದಳು. ಒಂದರ ಮೇಲೊಂದು ಕೂರಬೇಕಾಗಿದ್ದ ಎರಡು ಗೆರೆಗಳು ಮುನಿಸಿಕೊಂಡ ಗಂಡಹೆಂಡಿರ ಹಾಗೆ ಪಕ್ಕಪಕ್ಕದಲ್ಲಿ ದೂರ ದೂರ ನಿಂತಿದ್ದವು.

ಕೆಂಪು ಪ್ರೋಟಾನ್‌ಗಳು ಸುಸ್ತಾಗಿದ್ದವು. ಅದೇ ಕೋನಕ್ಕೆ ಸಿಡಿದಿದ್ದರೂ ಬಿಲ್ಲೆಗೆ ಬಂದು ಮುಟ್ಟುವಾಗ ಅವುಗಳಲ್ಲಿ ಶಕ್ತಿ ಕಡಿಮೆ. ಹಾಳೆಯೊಳಗಿಂದ ಹೊರಬರಲು ಹೆಚ್ಚು ಹೆಣಗಿದ್ದವು ಎಂದರ್ಥ. ಹೆಚ್ಚು ಹೆಣಗಬೇಕಾದರೆ ಹಾಳೆ ಹೆಚ್ಚು ದಪ್ಪವಿರಬೇಕು. ಎಷ್ಟು ದಪ್ಪ ಎಂದು ಲೆಕ್ಕ ಹಾಕಿದಳು. ಸರಿಯಾಗಿ ಎರಡರಷ್ಟು.

ಆ ದಿನ ನೆನಪಾಯಿತು. ಕೈಗವಸು ತೊಟ್ಟು, ಚಿಮಟದಲ್ಲಿ ಹಿಡಿದು, ಉಸಿರು ತಾಗಿದರೆ ಹಾರಿಹೋಗುವ ಆ ಹಾಳೆಯನ್ನು ಉಸಿರು ಕಟ್ಟಿಯೇ ಚೌಕಟ್ಟಿಗೆ ಹೊಂದಿಸಿದ್ದಳು. ತರಕಾರಿ ಅಂಗಡಿಯಲ್ಲಿ ಬಾಯಿ ಬಿಡದ ತೆಳು ಪ್ಲಾಸ್ಟಿಕ್ ಚೀಲವನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಬೇರೆ ಮಾಡದವರು ಯಾರಿದ್ದಾರೆ? ಅಂಥ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಒಂದೆಂದುಕೊಂಡು ಎರಡನ್ನೂ ಹಾಕಿದ್ದಳು.

ಹೈಡ್ರೋಜನ್ ಎರಡರಷ್ಟಾದ್ದರಿಂದ ಅದಾದ ಮೇಲೆ ಬಿಲ್ಲೆಗಳ ಎಣಿಕೆ ಇದ್ದಕ್ಕಿದ್ದ ಹಾಗೆ ಏರಿತ್ತು. ಬಂದವುಗಳ ಲೆಕ್ಕ ಬೀಗದೊಳಗಿದ್ದರಿಂದ, ಧಾರೆಯೇ ಜೋರಾಗಿದೆ ಎಂದು ಎಲ್ಲರೂ ಕುಣಿದಿದ್ದರು. ಮೇಷ್ಟ್ರು ಖುದ್ದು ಫೋನ್ ಮಾಡಿ, ಧಾರೆ ಹಾರಿಸುವ ಯಂತ್ರ ನಡೆಸುವವರಿಗೆ ಧನ್ಯವಾದ ಹೇಳಿದ್ದರು. ಯಂತ್ರದವರು ಏನೂ ಮಾಡಿರಲಿಲ್ಲ. ಆದರೂ "ಇರಲಿ ಬಿಡಿ ಸಾರ್, ನಮ್ಮ ಕೆಲಸ ಅದು" ಎಂದು ಸಂಕೋಚದಿಂದ ಸ್ವೀಕರಿಸಿದ್ದರು.

ಸೊಸೆಗೆ ನಗು ಬಂತು. ನಗುತ್ತಾ ನಗುತ್ತಾ ತಟ್ಟನೆ ನಿಲ್ಲಿಸಿದಳು. ಹೀಗೇ ಬೀಗ ತೆಗೆದಿದ್ದರೆ ನ್ಯೂಕ್ಲಿಯಸ್ ಇರುವುದಕ್ಕಿಂತ ದಪ್ಪ ಕಾಣುತ್ತಿತ್ತು. ಕೊನೆಯ ಪ್ರೋಟಾನ್ ಮನೆ ಬಿಟ್ಟು ಬೀದಿಯ ತುದಿಯಲ್ಲಿ ನಿಂತ ಹಾಗೆ ಕಾಣುತ್ತಿತ್ತು. ನಾಳೆ ಅವಳು ಅದನ್ನೇ ಬಣ್ಣದಲ್ಲಿ ತೋರಿಸಿ, ಹುದ್ದೆ ಹಿಡಿದು, ಮರುವರ್ಷ ಬೇರೆ ಯಾರೋ ಅಳೆದು ನೋಡುವವರೆಗೆ ಸುಖವಾಗಿರುತ್ತಿದ್ದಳು.

ಸರಿಪಡಿಸಬಹುದಿತ್ತು. ಆದರೆ ಸರಿಪಡಿಸುವುದೆಂದರೆ ಹೆಜ್ಜೆ ಹೆಜ್ಜೆಗೂ ತೀರ್ಮಾನ. ಹರಿದ ಹಾಳೆಯ ಕೊನೆಯ ಭಾಗ ಇಟ್ಟುಕೊಳ್ಳಬೇಕೇ ಬಿಡಬೇಕೇ, ಎರಡು ಹಾಳೆಗಳ ನಡುವೆ ಗಾಳಿಯ ಗುಳ್ಳೆ ಇತ್ತೆನ್ನಬೇಕೇ ಬೇಡವೇ. ಎರಡು ವಾರವಾದರೂ ಬೇಕು. ಮೇಷ್ಟ್ರಿಗೂ ಅನುಮಾನ ಅವರಿಗೂ ಸಂದೇಶ ಬರೆದಳು. ಮೇಷ್ಟ್ರಿಂದ ಬಂದ ಉತ್ತರ: "ಅಯ್ಯೋ. ಯಂತ್ರದವರಿಗೆ ಹೇಳಿದ ಧನ್ಯವಾದ ವಾಪಸ್ ತಗೊಳ್ಳೋದು ಹೇಗೆ?" ಅನುಮಾನ ಬರೆದದ್ದು: "ಸರಿಯಾಗಿ ಎರಡರಷ್ಟೇ ಅಂತ ಖಾತ್ರಿನಾ? ಮೂರು ಇರಬಹುದಾ?"

ಆಗ ಬಾಗಿಲು ತೆರೆದು ಅತ್ತೆ ಒಳಗೆ ಬಂದರು. ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ಕಿಟಕಿಯಿಂದ ಬೀದಿ ನೋಡಿ ಪರದೆ ಎಳೆದರು. ಪ್ರಶ್ನೆಪತ್ರಿಕೆಯ ಕೋಣೆಯಲ್ಲಿ ಅವರು ಹೀಗೇ ಮಾಡುತ್ತಿದ್ದಿರಬೇಕು.

"ನಿನ್ನ ಗಂಡ ಕ್ಷೌರಕ್ಕೆ ಹೋಗಿದಾನೆ. ಬೇಗ ಕೇಳಿಸ್ಕೋ," ಎಂದು ಮಂಚದ ಅಂಚಿನಲ್ಲಿ ಕೂತರು. "ಹೇಳಿಬಿಡ್ತೀನಿ."

"ಏನನ್ನ?"

"ಇನ್ನೇನನ್ನ? ಬಟ್ಟೆ ಎಲ್ಲಾ ಮಡಿಸಿ ಆಯ್ತು. ಮಡಿಸ್ತಾ ಮಡಿಸ್ತಾ ಯೋಚನೆ ಮಾಡ್ದೆ. ಮಗನಿಗಂತೂ ಕಲ್ಲಾದೆ. ಅವನು ಹೇಗೋ ಬದುಕ್ಕೊಂಡ, ಊರವರ ಹಲ್ಲು ಕಿತ್ಕೊಂಡಿದಾನೆ. ನೀನು ಈ ಹುದ್ದೆ ಬಿಟ್ರೆ ಏನು ಕೀಳ್ತೀಯಾ? ನಿನ್ನ ಪ್ರೋಟಾನ್ ಯಾರಿಗೆ ಬೇಕು?"

"ಅತ್ತೆ..."

"ಇರು, ಇನ್ನೂ ಒಂದಿದೆ." ಅತ್ತೆ ದನಿ ಇಳಿಸಿದರು. ಮೊದಲ ಬಾರಿಗೆ ಅವರ ಮುಖದಲ್ಲಿ ಗಾಬರಿ ಕಾಣಿಸಿತು. "ಇವತ್ತು ಪಾತ್ರೆ ತೊಳೆಯುವಾಗ ನಡುವಿನ ಎರಡು ಅಂಕಿ ಜಗಳ ಆಡಿದ್ವು. ನಾನು ಮೊದಲು, ತಾನು ಮೊದಲು ಅಂತ. ಮಟ್ಟು ಎರಡಕ್ಕೂ ಕೂರುತ್ತೆ! ಆಮೇಲೆ ಸರಿಹೋಯ್ತು. ಈಗ ಗಟ್ಟಿ ಇದೆ. ನಾಳೆಗೆ ನಾನು ಗ್ಯಾರಂಟಿ ಕೊಡಲ್ಲ. ಈ ಸಂಖ್ಯೆ ಬಂದಾಗಿಂದ ನಂಗೆ ಬೇರೇನೂ ನೆನಪಿರಲ್ಲ. ನಿನ್ನೆ ಪಕ್ಕದ ಮನೆಯವಳ ಹೆಸರು ಮರೆತು ಮೂರು ಸಲ 'ಇವಳೇ' ಅಂದೆ. ಅವಳಿಗೆ ಬೇಜಾರಾಗಿದೆ."

"ಅವರಿಗೆ ಹೇಳ್ಬಹುದಲ್ಲ, ನಿಮ್ಮ ಮಗನಿಗೆ."

"ಜನರ ಬಾಯಿ ಬಿಡಿಸೋದು ಅವನ ಕಸುಬು. ತನ್ನ ಬಾಯಿ ಮುಚ್ಚೋದು ಅವನಿಗೆ ಯಾರೂ ಕಲಿಸಿಲ್ಲ, ನಾನೂ ಸೇರಿ." ಅತ್ತೆ ಸೊಸೆಯ ಮಣಿಕಟ್ಟು ಹಿಡಿದುಕೊಂಡರು. "ನೋಡು, ನಾನು ಯಾರನ್ನೂ ಏನೂ ಬೇಡಿಲ್ಲ. ಈಗ ಬೇಡ್ತಿದ್ದೀನಿ. ಕೇಳಿಸ್ಕೊಂಡು ಬಿಡು. ನಿನ್ನ ಕೆಲಸಾನೂ ಉಳಿಯುತ್ತೆ, ನನ್ನ ತಲೇನೂ ಹಗುರ ಆಗುತ್ತೆ."

ಸೊಸೆ ಲ್ಯಾಪ್‌ಟಾಪ್ ಪರದೆಯ ಮೇಲಿನ ನೀಲಿ, ಕೆಂಪು ಗೆರೆಗಳನ್ನು ನೋಡಿದಳು. ಸಂಖ್ಯೆ ಕಿವಿಗೆ ಬಿದ್ದರೆ ಉತ್ತರ ಗೊತ್ತಾಗುತ್ತದೆ. ಉತ್ತರ ಗೊತ್ತಾದ ಮೇಲೆ ಆ ಎರಡು ವಾರದ ಒಂದೊಂದು ತೀರ್ಮಾನವೂ, ಅವಳಿಗೆ ಅರಿವಿಲ್ಲದೆಯೇ, ಬೇಕಾದ ಕಡೆಗೆ ವಾಲುತ್ತದೆ. ಸಂಖ್ಯೆ ಮರೆತುಹೋದರೆ ನಾಲ್ಕು ವರ್ಷವೇ ಹೋಗುತ್ತದೆ. ನಾಳೆ ಹತ್ತು ಗಂಟೆಗೆ ಮೇಜಿನ ಆಚೆ ಕೂತವರು, "ಹಾಗಾದ್ರೆ ನಿಮ್ಮ ಉತ್ತರ?" ಎಂದು ಕೇಳಿದರೆ, ಹಾಳೆ ಅಂಟಿಕೊಂಡಿತ್ತು ಎಂದು ಹೇಳಬೇಕಾಗುತ್ತದೆ. ಅವರು ನಗುತ್ತಾರೆ. ಇವಳೂ ನಕ್ಕಿದ್ದಳಲ್ಲ.

ಅಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ, ಮಟ್ಟು ಹಿಡಿದು ಬಾಯಿ ತೆರೆದೇಬಿಟ್ಟಿದ್ದರು. ಸೊಸೆ ಥಟ್ಟನೆ ಮುಂದೆ ಬಾಗಿ, ಮದುವೆಯಾಗಿ ಇಷ್ಟು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಅತ್ತೆಯ ಬಾಯಿಗೆ ಅಂಗೈ ಒತ್ತಿ ಹಿಡಿದಳು. ಅಂಗೈಯ ಮೇಲ್ಗಡೆ ಅತ್ತೆಯ ಎರಡು ಕಣ್ಣುಗಳು ದೊಡ್ಡದಾಗಿ ತೆರೆದುಕೊಂಡವು.

"ಬೇಡ ಅತ್ತೆ," ಎಂದಳು ಸೊಸೆ. "ನಾನು ಕೇಳಿಸ್ಕೊಳ್ಳಲ್ಲ."